ಕಾರವಾರದ ಬೆಲ್ ಸಾಹೇಬ ಮತ್ತು ನಾನು ತಪ್ಪಾಗಿ ಹೆಸರಿಟ್ಟ ಪತಂಗ

(ಈ ವಾರದ ಮಾತಿನ ಬರಹರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಇಸವಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಇವತ್ತಿನ ಕಥೆ ಶುರು ಮಾಡೋಕೆ ಮುಂಚೆ ಒಂದು ತಪ್ಪೊಪ್ಪಿಗೆ ಇದೆ.

ಹೋದ ವರ್ಷ ಜುಲೈನಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮದು ಯಲ್ಲಾಪುರದಿಂದ ಒಳಗೆ, ಅಡಿಕೆ ತೋಟದ ಪಕ್ಕದ ಮನೆ. ರಾತ್ರಿ ಊಟ ಆಗಿತ್ತು, ಹೊರಗೆ ಧೋ ಅಂತ ಮಳೆ. ಜಗಲಿಯ ಟ್ಯೂಬ್‌ಲೈಟಿಗೆ ಒಂದು ದೊಡ್ಡ ಪತಂಗ ಬಂದು ಗೋಡೆಗೆ ಅಂಟಿಕೊಂಡು ಕೂತಿತು. ರೆಕ್ಕೆ ಬಿಚ್ಚಿದರೆ ಅಂಗೈಯಷ್ಟು ಅಗಲ. ಒಣಗಿದ ಎಲೆಯ ಬಣ್ಣ, ಚೂಪಾದ ರೆಕ್ಕೆ ತುದಿ, ರೆಕ್ಕೆಯ ಬುಡದಲ್ಲಿ ಕಡುಗಪ್ಪು ಅನ್ನಿಸುವಂಥ ಹಸಿರು ಚುಕ್ಕೆ. ನಾನು ಸ್ಟೂಲ್ ಹತ್ತಿ ಫೋಟೋ ತೆಗೀತಾ ಇದ್ದರೆ ಆಯಿ ಬಾಗಿಲಲ್ಲಿ ನಿಂತು, "ದೀಪದ ಹುಳನೂ ಬಿಡ್ತಿಲ್ಯನ ತಮಾ ನೀನು?" ಅಂದರು.

ಆ ರಾತ್ರಿಯೇ ಫೋನಿನಲ್ಲಿ ಹುಡುಕಿದೆ. ಇದು ಹಾಕ್‌ಮಾತ್ ಕುಟುಂಬದ್ದು, ಆಂಬುಲಿಕ್ಸ್ ಅನ್ನೋ ಕುಲದ್ದು ಅಂತ ಬೇಗ ಗೊತ್ತಾಯಿತು. ಆ ಕುಲದಲ್ಲಿ ಕೆಳಗೆ ಸ್ಕ್ರೋಲ್ ಮಾಡ್ತಾ ಹೋದಾಗ ಒಂದು ಹೆಸರು ಕಣ್ಣಿಗೆ ಬಿತ್ತು: ಆಂಬುಲಿಕ್ಸ್ ಬೆಲ್ಲೈ. 1923ರಲ್ಲಿ ಹೆಸರಿಟ್ಟದ್ದು. ನೆಲೆ: ದಕ್ಷಿಣ ಭಾರತ, ಪಶ್ಚಿಮ ಘಟ್ಟ. ಅಂದ್ರೆ ಎಂಡೆಮಿಕ್. ಆ ನೆಲ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ್ದು. ನಮ್ಮ ಜಗಲಿ ಗೋಡೆ ಮೇಲೆ! ಪತಂಗಗಳ ಫೋಟೋ ದಾಖಲಿಸುವ ಆ್ಯಪ್‌ನಲ್ಲಿ ಆ ಹೆಸರನ್ನೇ ಹಾಕಿ ಅಪ್‌ಲೋಡ್ ಮಾಡಿ, ಹೆಮ್ಮೆಯಿಂದ ಮಲಗಿದೆ.

ಎರಡು ದಿನ ಬಿಟ್ಟು, ಪುಣೆಗೆ ವಾಪಸ್ ಬರೋ ಬಸ್ಸಿನಲ್ಲಿ, ಈ ವಿಷಯ ಬಲ್ಲವರೊಬ್ಬರ ಉತ್ತರ ಬಂತು. ಬೆನ್ನ ಕಡೆಯಿಂದ ತೆಗೆದ ಒಂದೇ ಫೋಟೋ ನೋಡಿ ಪ್ರಭೇದ ಹೇಳೋಕಾಗಲ್ಲ, ಆಂಬುಲಿಕ್ಸ್ ಅಂತ ಕುಲದ ಮಟ್ಟಕ್ಕೆ ನಿಲ್ಲಿಸಿ ಅಂತ. ನನಗೆ ಯಾಕೋ ಬೇಜಾರಾಯಿತು. ಕೋಡ್ ರಿವ್ಯೂನಲ್ಲಿ ಇದಕ್ಕಿಂತ ಖಾರದ ಕಮೆಂಟ್ ಓದಿ ಅಭ್ಯಾಸ ಇರೋನು ನಾನು. ಆದ್ರೂ ಬೇಜಾರು. ಆಮೇಲೆ ಯೋಚನೆ ಮಾಡಿದಾಗ ಕಾರಣ ಹೊಳೀತು. ಆ ಹುಳು ಏನು ಅಂತ ತಿಳಿಯೋದು ನನಗೆ ಬೇಕಾಗಿರಲಿಲ್ಲ. ಅದು ನಮ್ಮೂರಿನದ್ದೇ ಆಗಿರಬೇಕು, ಬೇರೆ ಎಲ್ಲೂ ಸಿಗಬಾರದು, ಇಷ್ಟೇ ಬೇಕಾಗಿತ್ತು. ಊರು ಬಿಟ್ಟವರ ಕಾಯಿಲೆ ಇದು, ನಿಮಗೂ ಗೊತ್ತಿರುತ್ತೆ.

ಸರಿ, ಈ ಬೆಲ್ ಯಾರು? ಪತಂಗಕ್ಕೆ ಇವನ ಹೆಸರು ಯಾಕೆ ಬಂತು? ಅಲ್ಲಿಂದ ಶುರುವಾದ ಓದು ನನ್ನನ್ನು ಕಾರವಾರಕ್ಕೆ ಕರೆದುಕೊಂಡು ಹೋಯಿತು. ವಿಚಿತ್ರ ಅಂದ್ರೆ, ದಾರಿ ನಾವು ಶುಕ್ರವಾರ ರಾತ್ರಿ ಹಿಡಿಯೋ ಬಸ್ಸಿನ ದಾರಿಯೇ.

ಸ್ವಾರ್ಗೇಟ್‌ನಿಂದ ಹೊರಟರೆ

ಮೊದಲು ಪುಣೆ. ಯೆರವಡಾ ಕಡೆ ಆಫೀಸ್ ಇರೋರಿಗೆ ಡೆಕ್ಕನ್ ಕಾಲೇಜು ಗೊತ್ತು. 1870ರಿಂದ 1876ರವರೆಗೆ ಅಲ್ಲಿ ಲ್ಯಾಟಿನ್ ಓದಿಸುತ್ತಿದ್ದ ಒಬ್ಬ ಯುವಕ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್. ಹುಟ್ಟಿದ್ದು 1851ರಲ್ಲಿ, ಸಾತಾರಾದಲ್ಲಿ. ನಮ್ಮ ಬಸ್ಸು ಮಧ್ಯರಾತ್ರಿ ದಾಟಿ ಹೋಗೋ ಅದೇ ಸಾತಾರಾ. 1876ರಲ್ಲಿ ಕಾಲೇಜು ಬಿಟ್ಟು ಸುಂಕ ಮತ್ತು ಉಪ್ಪಿನ ಇಲಾಖೆ ಸೇರಿದ. 'ಇ.ಎಚ್.ಎ.' ಅನ್ನೋ ಮೂರಕ್ಷರದ ಹೆಸರಿನಲ್ಲಿ ಹಕ್ಕಿ, ಹುಳು, ಹಲ್ಲಿಗಳ ಬಗ್ಗೆ ತಮಾಷೆಯಾಗಿ ಬರೆದ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದಾಗ ಸ್ಥಾಪಕರಲ್ಲಿ ಇವನೂ ಒಬ್ಬ.

ಅದೇ ಸೊಸೈಟಿಯ ಮೊದಲ ಸದಸ್ಯರಲ್ಲಿ ಇನ್ನೊಬ್ಬ, ಸೇನೆಯ ಅಧಿಕಾರಿ ಚಾರ್ಲ್ಸ್ ಸ್ವಿನ್‌ಹೋ. ಇವನು ಪುಣೆ, ಮುಂಬಯಿ ಸುತ್ತ ಚಿಟ್ಟೆ–ಪತಂಗ ಹಿಡಿದು, 1885ರಲ್ಲಿ ಬಾಂಬೆ ಮತ್ತು ದಖ್ಖನ್ನಿನ ಚಿಟ್ಟೆ–ಪತಂಗಗಳ ಬಗ್ಗೆ ಲಂಡನ್ನಿನ ಪ್ರಾಣಿಶಾಸ್ತ್ರ ಸಂಸ್ಥೆಯ ಪತ್ರಿಕೆಯಲ್ಲಿ ಬರೆದ. ಹಾಗಾಗಿ 'ಪೂನಾ' ಅನ್ನೋ ಚೀಟಿ ಹೊತ್ತ ಒಣ ಪತಂಗಗಳು ಇಂಗ್ಲೆಂಡಿನ ಮ್ಯೂಸಿಯಂ ಸೇರಿದವು.

ಬಸ್ಸು ಮುಂದೆ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ಬೆಳಗಿನ ಜಾವ ಧಾರವಾಡ. 1884ರಲ್ಲಿ ಈ ಧಾರವಾಡಕ್ಕೆ ಅರಣ್ಯ ಇಲಾಖೆಯ ಕೆಲಸಕ್ಕೆ ಬಂದಿಳಿದ ಹುಡುಗನೇ ಥಾಮಸ್ ರೀಡ್ ಡೇವಿಸ್ ಬೆಲ್. ಐರ್ಲೆಂಡಿನ ಕಾರ್ಕ್ ಕೌಂಟಿಯ ಬ್ಯಾಂಡನ್ ಊರಿನವನು. ಹುಟ್ಟಿದ್ದು 1863ರಲ್ಲಿ, ಅಂದ್ರೆ ಬಂದಾಗ ವಯಸ್ಸು 21. ನಮ್ಮಲ್ಲಿ ಬಹಳ ಜನ ಮೊದಲ ಕೆಲಸಕ್ಕೆ ಬ್ಯಾಗ್ ಎತ್ತಿಕೊಂಡು ಹೊರಟ ವಯಸ್ಸು.

ಹುಳು ಸಾಕಿದ ಮೂವರು

ಆ ಕಾಲದ ಉತ್ತರ ಕನ್ನಡ ಜಿಲ್ಲೆ 'ನಾರ್ತ್ ಕೆನರಾ'. 1862ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಿಂದ ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ್ದ ಜಿಲ್ಲೆ. ಅಲ್ಲಿನ ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್, ಉಪ್ಪಿನ ಇಲಾಖೆಯ ಐಟ್ಕನ್, ಅರಣ್ಯ ಇಲಾಖೆಯ ಬೆಲ್, ಮೂವರೂ ಜೊತೆಯಾದರು. ಮೂರು ಇಲಾಖೆ, ಒಂದೇ ಹುಚ್ಚು.

ಆಗಿನ ಹೆಚ್ಚಿನ ಸಂಗ್ರಹಕಾರರು ಬಲೆ ಬೀಸಿ ಚಿಟ್ಟೆ ಹಿಡಿದು, ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿಟ್ಟು ಲಂಡನ್ನಿಗೆ ಕಳಿಸುತ್ತಿದ್ದರು. ಈ ಮೂವರು ಉಲ್ಟಾ ದಾರಿ ಹಿಡಿದರು. ಮೊಟ್ಟೆಯಿಂದ, ಮರಿಹುಳುವಿನಿಂದ ಶುರು ಮಾಡಿದರು. ಯಾವ ಗಿಡದ ಎಲೆ ತಿನ್ನುತ್ತೆ, ಎಷ್ಟು ಸಲ ಪೊರೆ ಬಿಡುತ್ತೆ, ಕೋಶ ಹೇಗಿರುತ್ತೆ, ಅದರಿಂದ ಯಾವ ಚಿಟ್ಟೆ ಹೊರಗೆ ಬರುತ್ತೆ. ಎಲ್ಲವನ್ನೂ ಮನೆಯಲ್ಲಿ ಸಾಕಿ ಬರೆದಿಟ್ಟರು. 1890ರಲ್ಲಿ ಡೇವಿಡ್‌ಸನ್ ಮತ್ತು ಐಟ್ಕನ್ ಬಾಂಬೆ ಪ್ರೆಸಿಡೆನ್ಸಿಯ ಚಿಟ್ಟೆಗಳ ಮರಿಹುಳು–ಕೋಶಗಳ ಬಗ್ಗೆ ಬರೆದರು. 1896–97ರಲ್ಲಿ ಮೂವರೂ ಸೇರಿ ನಾರ್ತ್ ಕೆನರಾ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಐಟ್ಕನ್, ಡೇವಿಡ್‌ಸನ್ ಜಿಲ್ಲೆ ಬಿಟ್ಟು ಹೋದ ಮೇಲೂ ಬೆಲ್ ನಿಲ್ಲಿಸಲಿಲ್ಲ. ಚಿಟ್ಟೆಯಿಂದ ಪತಂಗಕ್ಕೆ, ಅದರಲ್ಲೂ ಹಾಕ್‌ಮಾತ್‌ಗಳಿಗೆ ತಿರುಗಿದ.

ಹಾಕ್‌ಮಾತ್ ಅಂದ್ರೆ ಗಿಡುಗನ ಹಾಗೆ ಜೋರಾಗಿ ಹಾರೋ, ದಪ್ಪ ಮೈಯಿನ ಪತಂಗ. ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದ ಸೊಂಡಿಲು ಚಾಚಿ ಮಕರಂದ ಹೀರುತ್ತೆ. ನಮ್ಮ ಹಿತ್ತಲಿನ ಪಪ್ಪಾಯಿ ಕಾಯಿ ಕಚ್ಚೋದಕ್ಕೆ ಸಂಜೆಗತ್ತಲಲ್ಲಿ ಬರೋ ಇವುಗಳ ಉಪಕಾರ ದೊಡ್ಡದು. ಮರಿಹುಳುವಿನ ಗುರುತು ಸುಲಭ: ಮೈಮೇಲೆ ಕೂದಲಿಲ್ಲ, ಬಾಲದ ತುದಿಯಲ್ಲಿ ಒಂದು ಕೊಂಬು. ಹೆದ್ದಾರಿಯ ಡಿವೈಡರ್‌ನಲ್ಲಿ ಕಣಗಿಲೆ ನೆಟ್ಟಿರ್ತಾರಲ್ಲ, ಅದರ ಎಲೆ ಬೋಳಿಸೋ ಹಸಿರು ಹುಳು, ಕತ್ತಿನ ಹತ್ತಿರ ನೀಲಿ ಕಣ್ಣಿನಂಥ ಗುರುತು ಇರೋದು, ಅದೂ ಒಂದು ಹಾಕ್‌ಮಾತ್ ಮರಿಯೇ.

ಹುಳು ಸಾಕಬೇಕು ಅಂದ್ರೆ ಗಿಡ ಗೊತ್ತಿರಬೇಕು. ತಪ್ಪು ಎಲೆ ಹಾಕಿದರೆ ಹುಳು ಉಪವಾಸ ಸಾಯುತ್ತೆ. ಅದಕ್ಕೇ ಬೆಲ್ ಸಸ್ಯಗಳನ್ನೂ ಕಲಿತ. ಸಿವಿಲ್ ಸರ್ವಿಸ್‌ನ ಎಲ್. ಜೆ. ಸೆಜ್‌ವಿಕ್ ಜೊತೆ ಸೇರಿ ಜಿಲ್ಲೆಯ ಗಿಡಗಳನ್ನು ಸಂಗ್ರಹಿಸಿದ. ಆ ಒಣಗಿಡಗಳು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ ಸೇರಿದವು. 1920ರಲ್ಲಿ ನಿವೃತ್ತಿಯಾಯಿತು. ಐರ್ಲೆಂಡಿಗೆ ಹೋಗಲಿಲ್ಲ. ಕಾರವಾರದಲ್ಲೇ ಉಳಿದ. 1937ರಲ್ಲಿ ಮೇಜರ್ ಎಫ್. ಬಿ. ಸ್ಕಾಟ್ ಜೊತೆ ಬರೆದ, 500 ಪುಟ ಮೀರಿದ ಹಾಕ್‌ಮಾತ್ ಗ್ರಂಥ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಯಲ್ಲಿ ಬಂತು. 1948ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, ಕಾರವಾರದಲ್ಲೇ ತೀರಿಕೊಂಡ. ಕೆಲಸಕ್ಕೆ ಅಂತ ಬಂದವನು, ಬಂದ 64 ವರ್ಷದ ಮೇಲೆ ಈ ನೆಲದಲ್ಲೇ ಕಣ್ಣು ಮುಚ್ಚಿದ.

ಇಲ್ಲಿಗೆ ಒಂದು ಕ್ಷಣ ನಿಲ್ಲೋಣ. ಬೆಲ್‌ನ ಕಥೆ ಓದ್ತಾ ಓದ್ತಾ ಅವನನ್ನು ಋಷಿ ಮಾಡಿಬಿಡೋದು ಸುಲಭ. ಆದ್ರೆ ಅವನಿಗೆ ಕಾಡಿನ ಒಳಗೆ ಎಲ್ಲಿ ಬೇಕಾದರೂ ಓಡಾಡೋ ಅಧಿಕಾರ ಕೊಟ್ಟದ್ದು ಯಾವುದು? 1878ರ ಅರಣ್ಯ ಕಾಯ್ದೆ. ಅದೇ ಕಾಯ್ದೆಯ ಕಾಲದಲ್ಲಿ ನಮ್ಮ ಕಡೆಯ ತೋಟಿಗರು ಸೊಪ್ಪಿನ ಬೆಟ್ಟಕ್ಕಾಗಿ, ಸೌದೆಗಾಗಿ, ಕುಮರಿ ಬೇಸಾಯ ಮಾಡೋರು ಹೊಟ್ಟೆಪಾಡಿಗಾಗಿ ಇಲಾಖೆಯ ಮುಂದೆ ಕೈಕಟ್ಟಿ ನಿಂತದ್ದು. ಐಟ್ಕನ್ ಕೆಲಸ ಮಾಡಿದ್ದು ಉಪ್ಪಿನ ಇಲಾಖೆಯಲ್ಲಿ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಜನ ಕಡಲ ತೀರದಲ್ಲಿ ಉಪ್ಪು ಮಾಡಿ ಮುರಿದದ್ದು ಅದೇ ಇಲಾಖೆ ಕಾಯುತ್ತಿದ್ದ ಕಾನೂನನ್ನು. ಆಗ ಬೆಲ್ ಕಾರವಾರದಲ್ಲಿ ಪಿಂಚಣಿ ತಗೊಂಡು ಹುಳು ಸಾಕುತ್ತಿದ್ದ ಮುದುಕ. ಎರಡೂ ಒಂದೇ ಜಿಲ್ಲೆಯ ಇತಿಹಾಸ.

ಇನ್ನೊಂದು ಮಾತು. ಪತಂಗದ ಕೆಳಗೆ ಚುಚ್ಚಿರುವ ಚೀಟಿಯಲ್ಲಿ ಸಂಗ್ರಹಿಸಿದವನ ಹೆಸರಿಗೆ ಒಂದೇ ಸಾಲು ಜಾಗ. ಆ ಗಿಡಕ್ಕೆ ಊರಿನ ಹೆಸರೇನು ಅಂತ ಹೇಳಿದವರು, ಮರ ಹತ್ತಿ ಕೊಂಬೆ ಮುರಿದು ಕೊಟ್ಟವರು, ಲಾಟೀನು ಹಿಡಿದು ಜೊತೆಗೆ ನಡೆದವರು ಇರಲೇಬೇಕಲ್ಲ. ಕಾಡಿನಲ್ಲಿ ಒಬ್ಬನೇ ಸಾಹೇಬ ಇಷ್ಟೆಲ್ಲ ಮಾಡಿದ ಅಂತ ನನಗೆ ನಂಬಿಕೆ ಬರೋದಿಲ್ಲ. ಆ ಒಂದು ಸಾಲಿನಲ್ಲಿ ಅವರಿಗೆ ಜಾಗ ಇಲ್ಲ.

ಬೆಲ್ ಹೆಸರಿನ ಪತಂಗ

ಈಗ ನಮ್ಮ ಜಗಲಿಯ ಪತಂಗಕ್ಕೆ ಬರೋಣ. ಆ ಕಾಲದಲ್ಲಿ ಜಗತ್ತಿನ ಹಾಕ್‌ಮಾತ್‌ಗಳ ರಾಜಧಾನಿ ಲಂಡನ್ ಹತ್ತಿರದ ಟ್ರಿಂಗ್ ಅನ್ನೋ ಸಣ್ಣ ಊರು. ಬ್ಯಾಂಕರ್ ಮನೆತನದ ವಾಲ್ಟರ್ ರಾತ್‌ಚೈಲ್ಡ್ ಅಲ್ಲಿ ಖಾಸಗಿ ಮ್ಯೂಸಿಯಂ ಕಟ್ಟಿದ್ದ. ಅವನ ಹತ್ತಿರ ಕೆಲಸಕ್ಕಿದ್ದ ಜರ್ಮನ್ ಮೂಲದ ಕಾರ್ಲ್ ಜೋರ್ಡನ್ ಜೀವಮಾನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೀಟ ಪ್ರಭೇದಗಳಿಗೆ ಹೆಸರಿಟ್ಟವನು. ಇಬ್ಬರೂ ಸೇರಿ 1903ರಲ್ಲಿ ಇಡೀ ಹಾಕ್‌ಮಾತ್ ಕುಟುಂಬವನ್ನು ಪರಿಷ್ಕರಿಸಿ ಬರೆದರು. ಹಳೆ ಕೋಡ್‌ಬೇಸ್ ಪೂರ್ತಿ ರಿಫ್ಯಾಕ್ಟರ್ ಮಾಡಿದ ಹಾಗೆ.

1923ರಲ್ಲಿ ಜೋರ್ಡನ್ ದಕ್ಷಿಣ ಭಾರತದ ಒಂದು ಹೊಸ ಪ್ರಭೇದಕ್ಕೆ ಬೆಲ್ ಗೌರವಾರ್ಥ 'ಬೆಲ್ಲೈ' ಅಂತ ಹೆಸರಿಟ್ಟ. ಆಗ ಕುಲದ ಹೆಸರು ಆಕ್ಸಿಆಂಬುಲಿಕ್ಸ್. ಆಮೇಲೆ ಅದು ಹಳೆಯ ಆಂಬುಲಿಕ್ಸ್ ಒಳಗೆ ಸೇರಿತು.

ಹೊಸ ಪ್ರಭೇದ ಅಂತ ಹೇಳೋದು ಹೇಗೆ? ಆಂಬುಲಿಕ್ಸ್ ಕುಲದಲ್ಲಿ ಐವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಬಹಳಷ್ಟು ಒಂದೇ ತಾಯಿ ಮಕ್ಕಳ ಹಾಗೆ ಕಾಣ್ತವೆ. ಅದೇ ಒಣ ಎಲೆ ಬಣ್ಣ, ಅದೇ ಚೂಪು ರೆಕ್ಕೆ, ಅದೇ ಬುಡದ ಚುಕ್ಕೆ. ಇವುಗಳಲ್ಲಿ ಸಬ್‌ಸ್ಟ್ರಿಜಿಲಿಸ್ ಅನ್ನೋದು ಭಾರತದಿಂದ ಆಗ್ನೇಯ ಏಷ್ಯಾದವರೆಗೂ ಹರಡಿದೆ. ಬೆಲ್ಲೈ ಘಟ್ಟಕ್ಕೆ ಅಂಟಿಕೊಂಡದ್ದು. ಒಂದು ಪರವೂರಿನಲ್ಲೆಲ್ಲ ಬದುಕೋದು, ಇನ್ನೊಂದು ಊರು ಬಿಡದ್ದು. ಅಂಥ ನೆಂಟರನ್ನು ಮಳೆಗೆ ನೆಂದು, ಹೊಳಪು ಉದುರಿ ಗೋಡೆ ಮೇಲೆ ಕೂತಾಗ ಮೊಬೈಲ್ ಫೋಟೋದಲ್ಲಿ ಬೇರೆ ಮಾಡ್ತೀನಿ ಅಂತ ನಾನು ಹೊರಟಿದ್ದೆ.

ಹಾಗಾದ್ರೆ ಗುರುತಿಸೋದು ಹೇಗೆ?

ಪತಂಗ ತಜ್ಞರು ನಾಲ್ಕು ಸಾಕ್ಷಿ ಕೇಳ್ತಾರೆ.

ಮೊದಲನೆಯದು ಮೂಲ ಮಾದರಿ. ಒಂದು ಪ್ರಭೇದಕ್ಕೆ ಹೆಸರಿಡುವಾಗ ಒಂದು ಒಣ ಪತಂಗವನ್ನು 'ಇದೇ ಆ ಹೆಸರಿನ ಒಡೆಯ' ಅಂತ ನಿಗದಿ ಮಾಡ್ತಾರೆ. ನಮ್ಮ ಭಾಷೆಯಲ್ಲಿ ಪ್ರೈಮರಿ ಕೀ. ನೂರು ವರ್ಷದ ನಂತರ ಜಗಳ ಬಂದರೂ ಕೊನೆಗೆ ಆ ಒಂದು ಪತಂಗದ ಮುಂದೆ ಹೋಗಿ ನಿಲ್ಲಬೇಕು. ರಾತ್‌ಚೈಲ್ಡ್ 1937ರಲ್ಲಿ ತೀರಿಕೊಂಡಾಗ ಟ್ರಿಂಗ್ ಸಂಗ್ರಹ ಬ್ರಿಟಿಷ್ ಮ್ಯೂಸಿಯಂ ಪಾಲಾಯಿತು. ಹಾಗಾಗಿ ನಮ್ಮ ಘಟ್ಟದ ಎಷ್ಟೋ ಪತಂಗಗಳ ಪ್ರೈಮರಿ ಕೀ ಇರೋದು ಲಂಡನ್ನಿನಲ್ಲಿ.

ಎರಡನೆಯದು ಹೊಟ್ಟೆಯ ತುದಿ. ಗಂಡು ಪತಂಗದ ಜನನಾಂಗ ಗಟ್ಟಿ ಕವಚದ್ದು, ಬೀಗ–ಕೀಲಿಕೈ ಹಾಗೆ ಪ್ರಭೇದಕ್ಕೊಂದು ಆಕಾರ. ಸತ್ತ ಪತಂಗದ ಹೊಟ್ಟೆಯ ತುದಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ, ಮೆತ್ತಗಿನ ಭಾಗ ತೊಳೆದು, ಉಳಿದ ಕವಚವನ್ನು ಮೈಕ್ರೋಸ್ಕೋಪಿನ ಕೆಳಗೆ ನೋಡ್ತಾರೆ. ರೆಕ್ಕೆಯ ಬಣ್ಣ ಮೋಸ ಮಾಡುತ್ತೆ, ಇದು ಅಷ್ಟು ಸುಲಭಕ್ಕೆ ಮಾಡಲ್ಲ.

ಮೂರನೆಯದು ಡಿಎನ್‌ಎ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೀಬರ್ಟ್ ತಂಡ 2003ರಲ್ಲಿ ಮುಂದಿಟ್ಟ 'ಬಾರ್‌ಕೋಡ್' ವಿಧಾನ. ಜೀವಕೋಶದ ಮೈಟೋಕಾಂಡ್ರಿಯಾದ ಒಂದು ವಂಶವಾಹಿಯ 658 ಅಕ್ಷರ ಓದಿ ಹೋಲಿಸೋದು. ಒಂದು ಕಾಲು ಸಾಕು.

ನಾಲ್ಕನೆಯದು ಬೆಲ್ ಮಾಡಿದ್ದು. ಮರಿಹುಳು ಮತ್ತು ಅದು ತಿಂದ ಗಿಡ. ಇದಕ್ಕೆ ಲ್ಯಾಬ್ ಬೇಡ. ಬೇಕಾದದ್ದು ತಾಳ್ಮೆ, ದಿನಾ ತಾಜಾ ಎಲೆ, ಕೋಶ ಕಟ್ಟೋಕೆ ಒಂದಿಷ್ಟು ಮಣ್ಣು. ಮತ್ತೆ ಆ ಮರದ ಹೆಸರು ಗೊತ್ತಿರೋ ಒಬ್ಬರು.

ನನ್ನ ಹತ್ತಿರ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಇದ್ದದ್ದು ಆಸೆ.

ನಕ್ಷೆ ಯಾರದ್ದು?

ನಾನು ಈ ಮಾತಿನಲ್ಲಿ ಮುಖ್ಯವಾಗಿ ಹೇಳಬೇಕು ಅಂದುಕೊಂಡದ್ದು ಇಲ್ಲಿದೆ.

'ಎಂಡೆಮಿಕ್' ಅನ್ನೋದು ಎರಡು ಹೇಳಿಕೆ ಸೇರಿದ ಪದ. ಒಂದು, ಇದು ಇಲ್ಲಿದೆ. ಎರಡು, ಇದು ಬೇರೆಲ್ಲೂ ಇಲ್ಲ. ಮೊದಲನೆಯದಕ್ಕೆ ಒಂದು ಪತಂಗ ಸಾಕು. ಎರಡನೆಯದಕ್ಕೆ ಬೇರೆ ಎಲ್ಲ ಕಡೆಯೂ ಯಾರಾದರೂ ಸರಿಯಾಗಿ ನೋಡಿರಬೇಕು. ಟೆಸ್ಟಿಂಗ್ ಮಾಡೋರಿಗೆ ಇದು ಗೊತ್ತು. ಬಗ್ ಇದೆ ಅಂತ ತೋರಿಸೋಕೆ ಒಂದು ಟೆಸ್ಟ್ ಕೇಸ್ ಸಾಕು, ಇಲ್ಲ ಅಂತ ತೋರಿಸೋಕೆ ಎಷ್ಟು ಮಾಡಿದರೂ ಸಾಲದು.

ಹಾಗಾಗಿ ಪತಂಗದ ಹಂಚಿಕೆಯ ನಕ್ಷೆ ಅಂತ ನಾವು ನೋಡೋದು ಅರ್ಧ ಪತಂಗದ ನಕ್ಷೆ, ಇನ್ನರ್ಧ ನೋಡಿದವರ ನಕ್ಷೆ. ಹಳೆ ದಾಖಲೆಗಳಲ್ಲಿ ಕಾರವಾರ, ನೀಲಗಿರಿ, ಪೂನಾ ಪದೇಪದೇ ಬರ್ತವೆ. ಯಾಕೆ? ಕಾರವಾರದಲ್ಲಿ ಬೆಲ್ ಇದ್ದ. ನೀಲಗಿರಿಯಲ್ಲಿ ಚಹಾ ತೋಟ ನೋಡಿಕೊಂಡಿದ್ದ ಜಾರ್ಜ್ ಹ್ಯಾಂಪ್‌ಸನ್ ಇದ್ದ. ಅವನೇ ಮುಂದೆ 1892ರಿಂದ 1896ರ ನಡುವೆ ಭಾರತದ ಪತಂಗಗಳ ನಾಲ್ಕು ಸಂಪುಟ ಬರೆದ. ಪೂನಾದಲ್ಲಿ ಸ್ವಿನ್‌ಹೋ ಇದ್ದ. ಕಂಟೋನ್ಮೆಂಟು, ಕಲೆಕ್ಟರ್ ಬಂಗಲೆ, ಎಸ್ಟೇಟು ಎಲ್ಲಿತ್ತೋ ಅಲ್ಲಿ ಪತಂಗ 'ಇತ್ತು'. ನಡುವಿನ ಘಟ್ಟದಲ್ಲಿ ಪತಂಗ ಇರಲಿಲ್ಲ ಅಂತಲ್ಲ, ದೀಪ ಹಚ್ಚಿ ಕೂತವರು ಇರಲಿಲ್ಲ.

ಚೀಟಿಗಳ ಕಥೆ ಇನ್ನೂ ಇದೆ. 'ನಾರ್ತ್ ಕೆನರಾ' ಅಂತ ಬರೆದರೆ ಅದು ಎಷ್ಟು ನಿಖರ? ಇವತ್ತಿನ ಉತ್ತರ ಕನ್ನಡವೇ ಹತ್ತು ಸಾವಿರ ಚದರ ಕಿಲೋಮೀಟರ್ ದಾಟುತ್ತೆ. ಕಾರವಾರದ ಕಡಲ ತೀರ, ಕಾಳಿ ನದಿಯ ಕಣಿವೆ, ಕ್ಯಾಸಲ್‌ರಾಕ್‌ನ ಘಟ್ಟದ ತಲೆ, ಹಳಿಯಾಳದ ಒಣ ಕಾಡು, ಎಲ್ಲಕ್ಕೂ ಅದೇ ಎರಡು ಪದ. 'ಬಾಂಬೆ ಪ್ರೆಸಿಡೆನ್ಸಿ' ಅಂತಿದ್ದರಂತೂ ಕೇಳೋದೇ ಬೇಡ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಅದರೊಳಗೇ ಇದ್ದವು. ಈ ಸಾಲನ್ನು ಯೋಚನೆ ಮಾಡದೆ ಜಿಯೋಕೋಡ್ ಮಾಡೋ ಸ್ಕ್ರಿಪ್ಟಿಗೆ ಕೊಟ್ಟು ನೋಡಿ. ಯಲ್ಲಾಪುರದ ಹುಳು ನೇರ ಹೋಗಿ ಮುಂಬಯಿಯ ಸಮುದ್ರದ ಪಕ್ಕ ಕೂರಬಹುದು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆದ್ರೆ ಸೂಜಿಯಲ್ಲಿರೋ ಚೀಟಿ ಬದಲಾಗಲ್ಲ.

ಇಂಥ ನಕ್ಷೆಗೆ ನನ್ನಂಥವನು ಉತ್ಸಾಹದಲ್ಲಿ ಒಂದು ತಪ್ಪು ಚುಕ್ಕೆ ಸೇರಿಸಿದರೆ ಏನಾಗುತ್ತೆ? ಎರಡು ಥರದ ಹಾನಿ. ಎಲ್ಲೆಲ್ಲೋ ಇರೋ ಪತಂಗವನ್ನು ಬೆಲ್ಲೈ ಅಂದರೆ, ಬೆಲ್ಲೈ ಬೇಕಾದಷ್ಟಿದೆ, ಚಿಂತೆ ಇಲ್ಲ ಅನ್ನೋ ಭ್ರಮೆ ಹುಟ್ಟುತ್ತೆ. ನಿಜವಾದ ಬೆಲ್ಲೈಯನ್ನು ಸಾಮಾನ್ಯದ್ದು ಅಂತ ಬರೆದರೆ ಅದು ಇದೆ ಅಂತಲೇ ಯಾರಿಗೂ ಗೊತ್ತಾಗಲ್ಲ. ಬೆಲ್ ಓಡಾಡಿದ ಜಿಲ್ಲೆಗೆ ಆಮೇಲೆ ಏನಾಯಿತು ನೆನಪಿಸಿಕೊಳ್ಳಿ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಸೂಪಾ ಊರೇ ಮುಳುಗಿತು, ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಹೋಯಿತು. ಕೈಗಾ ಬಂತು. ಕಾರವಾರದ ದಕ್ಷಿಣಕ್ಕೆ ಸೀಬರ್ಡ್ ನೌಕಾನೆಲೆ ಬಂತು, ಊರೂರೇ ಎದ್ದು ಹೋದವು. ಇನ್ನೊಂದು ಕಡೆ ದಾಂಡೇಲಿ–ಅಣಶಿ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು, 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರಿಟ್ಟರು. ಪ್ರತಿ ಯೋಜನೆಯ ಮುಂದೆಯೂ ಒಂದು ಪ್ರಶ್ನೆ ಬರುತ್ತೆ: ಇಲ್ಲಿ ಏನೇನಿದೆ? ಉತ್ತರ ಬರೋದು ಪಟ್ಟಿಯಿಂದ. ಪಟ್ಟಿಯಲ್ಲಿ ಇಲ್ಲದ್ದು ಕಾಡಿನಲ್ಲೂ ಇಲ್ಲ ಅಂತಲೇ ಲೆಕ್ಕ. ತಪ್ಪು ಹೆಸರು ಇಡೀ ಪಟ್ಟಿಯ ಮೇಲಿನ ನಂಬಿಕೆಯನ್ನೇ ಕೆಡಿಸುತ್ತೆ.

ಏಲಕ್ಕಿ ಹೇಳಿದ ಪಾಠ

ಇದೆಲ್ಲ ಸಾಹೇಬರ ಕಾಲದ ಕಥೆ ಅಂದ್ಕೋಬೇಡಿ. ಘಟ್ಟದ ಏಲಕ್ಕಿ ತೋಟಗಳಲ್ಲಿ ಕಾಂಡ ಮತ್ತು ಕಾಯಿ ಕೊರೆಯೋ ಹುಳು ಒಂದಿದೆ. ಹಳದಿ ರೆಕ್ಕೆ, ಮೇಲೆ ಕಪ್ಪು ಚುಕ್ಕೆ ಇರೋ ಸಣ್ಣ ಪತಂಗದ ಮರಿ. ಬಹಳ ಕಾಲ ಇದನ್ನು ಕೊನೊಗೆಥಿಸ್ ಪಂಕ್ಟಿಫೆರಾಲಿಸ್ ಅಂತಲೇ ಕರೆದರು. ಅದು 1854ರಲ್ಲಿ ಹೆಸರು ಪಡೆದ, ಹರಳು ಗಿಡದಿಂದ ಹಿಡಿದು ಹಲವು ಬೆಳೆ ತಿನ್ನೋ, ಏಷ್ಯಾದ ತುಂಬ ಇರೋ ಪತಂಗ. ಪುಸ್ತಕಗಳಲ್ಲಿ ಹರಳಿನದ್ದೂ ಏಲಕ್ಕಿಯದ್ದೂ ಒಂದೇ.

2018ರಲ್ಲಿ ಪಿ. ಆರ್. ಶಶಾಂಕ್, ವಾಸುದೇವ ಕಮ್ಮಾರ, ರಿಚರ್ಡ್ ಮ್ಯಾಲಿ ಮತ್ತು ಎ. ಕೆ. ಚಕ್ರವರ್ತಿ ಸೇರಿ, ಏಲಕ್ಕಿ ತಿನ್ನೋದು ಬೇರೆಯೇ ಪ್ರಭೇದ ಅಂತ ತೋರಿಸಿದರು. ಇಟ್ಟ ಹೆಸರು ಕೊನೊಗೆಥಿಸ್ ಸಹ್ಯಾದ್ರಿಯೆನ್ಸಿಸ್. ಸಹ್ಯಾದ್ರಿಯದ್ದು. ನಮ್ಮ ಮಲೆನಾಡಿನ ಬೆಳೆಗಾರರು ದಿನಾ ಕೈಯಲ್ಲಿ ಹಿಸುಕಿ ಹಾಕುತ್ತಿದ್ದ ಹುಳುವಿಗೆ 2018ರವರೆಗೆ ಅದರದ್ದೇ ಹೆಸರು ಇರಲಿಲ್ಲ.

ಇದು ಪಂಡಿತರ ಜಗಳ ಅಲ್ಲ. ಬೆಳೆಯ ಕೀಟಗಳನ್ನು ಹಿಡಿಯೋಕೆ ಹೆಣ್ಣು ಪತಂಗದ ವಾಸನೆಯ ಬಲೆ ಕಟ್ತಾರೆ. ಒಂದು ಪ್ರಭೇದದ ವಾಸನೆಗೆ ಇನ್ನೊಂದು ಪ್ರಭೇದದ ಗಂಡು ಬರುತ್ತೆ ಅಂತ ಗ್ಯಾರಂಟಿ ಇಲ್ಲ. ಹೆಸರು ತಪ್ಪಾದರೆ ಖರ್ಚು ಮಾಡಿ ಕಟ್ಟಿದ ಬಲೆ ಖಾಲಿ ನೇತಾಡಬಹುದು. ಮತ್ತೆ ನೋಡಿ, ಇಲ್ಲೂ ಮೊದಲ ಸುಳಿವು ಸಿಗೋದು ಗಿಡದಲ್ಲೇ. ಯಾರು ಹರಳು ತಿಂತಾರೆ, ಯಾರು ಏಲಕ್ಕಿ ತಿಂತಾರೆ. ಬೆಲ್ ಕಾರವಾರದಲ್ಲಿ ಕೇಳಿಕೊಂಡು ಕೂತಿದ್ದ ಅದೇ ಪ್ರಶ್ನೆ.

ಆಯಿಯ ಕೆಸು

ಬಸ್ಸು ಪುಣೆ ತಲುಪೋ ಹೊತ್ತಿಗೆ ನಾನು 'ಬೆಲ್ಲೈ' ಅಳಿಸಿ 'ಆಂಬುಲಿಕ್ಸ್' ಅಂತ ಬರೆದಿದ್ದೆ. ಅಷ್ಟೇ ನನಗೆ ಗೊತ್ತಿದ್ದದ್ದು. ಅಷ್ಟನ್ನು ಮಾತ್ರ ಬರೆಯೋದು ಸೋಲು ಅಂತ ಈಗ ಅನ್ನಿಸಲ್ಲ.

ಮುಂದಿನ ತಿಂಗಳು ಆಯಿ ಫೋನ್ ಮಾಡಿದರು. ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯೋಕೆ ಹೋದರೆ ಬಾಲಕ್ಕೆ ಕೋಡು ಇರೋ ಹುಳು ಸಿಕ್ಕಿತು, ನಿನಗೆ ಬೇಕಾ ಅಂತ. ನಾನು ಹೇಳಿದೆ: ಹಾರ್ಲಿಕ್ಸ್ ಬಾಟ್ಲಿಯಲ್ಲಿ ಮಣ್ಣು ಹಾಕಿ, ದಿನಾ ಅದೇ ಎಲೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಸಿಕ್ಕಿದ ತಾರೀಖು ಬರೆದಿಡಿ. ಆಯಿ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದರು. ಹುಳು ಮಣ್ಣಿಗಿಳಿದ ದಿನ ಒಂದು ಗುರುತು, ಪತಂಗ ಹೊರಗೆ ಬಂದ ದಿನ ಇನ್ನೊಂದು. ಅಣ್ಣನ ಮಗಳು ಬೆನ್ನು, ಹೊಟ್ಟೆ, ಪಕ್ಕ, ಮೂರೂ ಕಡೆಯಿಂದ ಫೋಟೋ ತೆಗೆದು ಕಳಿಸಿದಳು.

ಬೆನ್ನ ಮೇಲೆ ಉದ್ದಕ್ಕೆ ಎರಡು ಬೆಳ್ಳಿ ಗೆರೆ. ಥೆರೆಟ್ರಾ ಓಲ್ಡೆನ್‌ಲ್ಯಾಂಡಿಯೆ. ಏಷ್ಯಾದಿಂದ ಆಸ್ಟ್ರೇಲಿಯಾದವರೆಗೆ ಇರೋ ತೀರಾ ಸಾಮಾನ್ಯ ಹಾಕ್‌ಮಾತ್, ಅಪರೂಪ ಅಲ್ಲವೇ ಅಲ್ಲ. ಆದ್ರೆ ಈ ದಾಖಲೆಯಲ್ಲಿ ಊರಿದೆ, ತಾರೀಖಿದೆ, ಮರಿಹುಳು ಇದೆ, ತಿಂದ ಗಿಡ ಇದೆ. ಈ ಸಲ ಯಾರೂ ಪ್ರಶ್ನೆ ಕೇಳಲಿಲ್ಲ. ಟಿಪ್ಪಣಿಯಲ್ಲಿ ಸಾಕಿದವರು ಯಾರು ಅಂತ ಬರೆಯೋ ಕಡೆ ಆಯಿಯ ಹೆಸರು ಹಾಕಿದ್ದೇನೆ.

ನಿಮ್ಮಲ್ಲಿ ಬಹಳ ಜನ ಹಬ್ಬಕ್ಕೆ ಊರಿಗೆ ಹೋಗ್ತೀರಿ. ಸಿರ್ಸಿ, ಸಾಗರ, ಖಾನಾಪುರ, ಸುಳ್ಯ, ಎಲ್ಲಿಗಾದರೂ ಸರಿ. ಇಲ್ಲಿ ಪುಣೆಯಲ್ಲೂ ಬಾಣೇರ್ ಬೆಟ್ಟದ ಪಕ್ಕ, ಸಿಂಹಗಡದ ಕೆಳಗೆ ಇರೋರಿದೀರಿ. ಆಕುರ್ಡಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ಕೇಂದ್ರವೇ ಇದೆ. ಜುಲೈ ಕೊನೆಯಲ್ಲಿ ಜಗತ್ತಿನಾದ್ಯಂತ ಪತಂಗ ಸಪ್ತಾಹ ನಡೆಯುತ್ತೆ. ಒಂದು ಬಿಳಿ ಬೆಡ್‌ಶೀಟು, ಒಂದು ಹಳೆಯ ಟ್ಯೂಬ್‌ಲೈಟು ಸಾಕು. ಎಲ್‌ಇಡಿಯಲ್ಲಿ ಪತಂಗಕ್ಕೆ ಬೇಕಾದ ನೇರಳಾತೀತ ಬೆಳಕು ತೀರಾ ಕಮ್ಮಿ, ಹಾಗಾಗಿ ಅಟ್ಟದ ಮೇಲಿನ ಹಳೇ ಪಟ್ಟಿ ಇಳಿಸಿ. ಫೋಟೋ ಮೂರು ಕಡೆಯಿಂದ ತೆಗೆಯಿರಿ. ಜಿಲ್ಲೆಯ ಹೆಸರಿಗೆ ನಿಲ್ಲಿಸದೆ ಊರಿನ ಹೆಸರು ಬರೆಯಿರಿ. ಮರಿಹುಳು ಸಿಕ್ಕರೆ ಗಿಡದ ಹೆಸರನ್ನು ಮನೆಯ ಹಿರಿಯರನ್ನು ಕೇಳಿ, ಕೇಳಿದ ಹಾಗೆಯೇ ಬರೆಯಿರಿ. ಗೊತ್ತಿಲ್ಲದ ಕಡೆ ಕುಲದಲ್ಲೇ ನಿಲ್ಲಿ.

ಜಗಲಿಯ ಆ ಪತಂಗ ಬೆಲ್ಲೈ ಇದ್ದರೂ ಇರಬಹುದು. ಈ ಮಳೆಗಾಲ ಮತ್ತೆ ಹೋಗ್ತೀನಿ, ಅದೇ ಟ್ಯೂಬ್‌ಲೈಟಿನ ಕೆಳಗೆ ಕೂರ್ತೀನಿ. ಬಂದರೆ ನಿಮಗೆ ತಿಳಿಸ್ತೀನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.